ನಾವು 28 ಜನ ಸೇರಿ ಕಾರ್ಮಿಕ ಗುತ್ತಿಗೆ ಸಹಕಾರ ಸಂಘ ಮಾಡಿ ಸರ್ಕಾರಿ ಕೆಲಸ ಹಿಡಿಯಬಹುದಾ? ತಿಳಿದವರು ಹೇಳಿ

ಮೋರಿ ಮೇಸ್ತ್ರಿ
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯವನು, ಗಾರೆ ಕೆಲಸಕ್ಕೆ ಇಳಿದು 19 ವರ್ಷ ಆಯ್ತು. ನಮ್ಮದು 28 ಜನರ ತಂಡ. ಒಂಬತ್ತು ಜನ ಗಾರೆಯವರು, ಆರು ಜನ ಸೆಂಟ್ರಿಂಗ್ ಮತ್ತು ಕಂಬಿ ಕಟ್ಟೋರು, ಉಳಿದ 13 ಜನ ಮಣ್ಣು, ಜೆಲ್ಲಿ, ಕಾಂಕ್ರೀಟ್ ಹೊರೋರು. ಆ 13ರಲ್ಲಿ ಎಂಟು ಜನ ಹೆಂಗಸರು.

ಹೋದ ವರ್ಷ ಒಂದು ಮೋರಿ, ಅದಕ್ಕೆ ಸೇರಿದ ಹಾಗೆ 600 ಮೀಟರ್ ಚರಂಡಿ ಮಾಡಿದ್ವಿ. ಸರ್ಕಾರಿ ಕೆಲಸ. ಟೆಂಡರ್ ಆದವರು ಒಬ್ಬರು, ಅವರಿಂದ ಹಿಡಿದವರು ಇನ್ನೊಬ್ಬರು, ಅವರ ಕೈಯಿಂದ ನಮಗೆ. ಟೆಂಡರ್ ಆದ ಪುಣ್ಯಾತ್ಮನ ಮುಖ ನಾವು ಒಂದು ದಿನವೂ ನೋಡಲಿಲ್ಲ. ಯುಗಾದಿಗೆ ಮುಂಚೆ ಕೆಲಸ ಮುಗಿಸಿ ಕೊಟ್ವಿ. ಇನ್ನೂ 1,86,000 ರೂಪಾಯಿ ಬರಬೇಕು. ಕೇಳಿದ್ರೆ "ಮೇಲಿಂದ ಬಿಲ್ ಆಗಿಲ್ಲ" ಅಂತಾರೆ. ಆಫೀಸಿಗೆ ಹೋಗಿ ವಿಚಾರಿಸಿದ್ರೆ ಬಿಲ್ ಪಾಸಾಗಿ ಮೂರು ತಿಂಗಳಾಗಿದೆ. ಆ ಫೈಲಿನಲ್ಲಿ ನಮ್ಮ 28 ಜನರಲ್ಲಿ ಒಬ್ಬರ ಹೆಸರೂ ಇಲ್ಲ. ನಾವೇ ಮಾಡಿದ್ದು ಅಂತ ತೋರಿಸೋಕೆ ನಮ್ಮ ಹತ್ರ ಇರೋದು ಫೋನಿನಲ್ಲಿ ತೆಗೆದ ನಾಲ್ಕು ಫೋಟೋ.

ಅದಕ್ಕೇ ಈಗ ನಾವೇ ಸಂಘ ರಿಜಿಸ್ಟರ್ ಮಾಡಿಸಿ ನೇರವಾಗಿ ಕೆಲಸ ಹಿಡಿಯೋಣ ಅಂತ ಮಾತು ಎದ್ದಿದೆ. ಆಗುತ್ತಾ? ಯಾರಾದ್ರೂ ಮಾಡಿದ್ದೀರಾ? ಹುಡುಗರು ಹುಮ್ಮಸ್ಸಿನಲ್ಲಿದ್ದಾರೆ, ನನಗೆ ಭಯ ಇದೆ.

ಸುಮ್ನೆ ಓದೋನು
ಮೊದಲು ಆ 1,86,000ಕ್ಕೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ ಅಣ್ಣ. ಸಂಘ ಆಮೇಲೆ.

ಹಳೇ ಜೆಇ
ಮೇಸ್ತ್ರಿಗಳೇ, ನಾನು ಇಲಾಖೆಯಲ್ಲಿ 31 ವರ್ಷ ಇದ್ದು ನಿವೃತ್ತಿ ಆದವನು. ಆಫೀಸಿನ ಕಡೆಯಿಂದ ಹೇಗೆ ಕಾಣುತ್ತೆ ಹೇಳ್ತೀನಿ.

ಸಂಘ ರಿಜಿಸ್ಟರ್ ಮಾಡೋದು ಕಷ್ಟದ ಕೆಲಸ ಅಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಇದೆ, ಬೈಲಾ ಬರೀಬೇಕು, ಷೇರು ಹಣ ಕಟ್ಟಬೇಕು, ಸಹಾಯಕ ನಿಬಂಧಕರ ಆಫೀಸಿಗೆ ನಾಲ್ಕಾರು ಸಲ ಓಡಾಡಬೇಕು. ಕಷ್ಟ ಇರೋದು ಅದಾದ ಮೇಲೆ. ಟೆಂಡರ್ ಫಾರಂ ತೆಗೆದು ನೋಡಿ. ಗುತ್ತಿಗೆದಾರರ ಲೈಸೆನ್ಸ್ ಯಾವ ಕ್ಲಾಸು, ಹಿಂದಿನ ವರ್ಷಗಳ ಟರ್ನ್‌ಓವರ್ ಎಷ್ಟು, ಇದೇ ಥರದ ಕೆಲಸ ಮಾಡಿದ ಸರ್ಟಿಫಿಕೇಟ್ ಇದೆಯಾ, ಇಎಂಡಿ (ಟೆಂಡರ್ ಹಾಕುವಾಗ ಕಟ್ಟೋ ಮುಂಗಡ ಠೇವಣಿ) ಕಟ್ಟಿದ್ದೀರಾ, ಇವಿಷ್ಟೂ ಕೇಳ್ತಾರೆ. ನಿಮ್ಮ ಕೈ 19 ವರ್ಷದಿಂದ ಕೆಲಸ ಮಾಡಿದೆ, ನಿಮ್ಮ ಸಂಘಕ್ಕೆ ಇನ್ನೂ ಹುಟ್ಟಿದ ದಿನ. ಕಾಗದದ ಮಟ್ಟಿಗೆ ಅನುಭವ ಸೊನ್ನೆ.

ಹಾಗಾಗಿ ಚಿಕ್ಕದರಿಂದ ಶುರು ಮಾಡಬೇಕು. ಸಣ್ಣ ಮೊತ್ತದ ಕೆಲಸ, ಗ್ರಾಮ ಪಂಚಾಯಿತಿ ಕೆಲಸ, ರಿಪೇರಿ. ಒಂದೊಂದಕ್ಕೂ ಕೆಲಸ ಮುಗಿಸಿದ ಸರ್ಟಿಫಿಕೇಟ್ ಬಿಡದೆ ಇಸ್ಕೊಳ್ಳಿ. ಮೂರು ವರ್ಷ ಹೀಗೆ ನಡೆಸಿದ್ರೆ ಆಮೇಲೆ ಬಾಗಿಲು ತೆರೆಯುತ್ತೆ.

ಕ್ಲಾಸ್ ಒನ್
ನಾನು ಗುತ್ತಿಗೆದಾರ, ಮುಚ್ಚಿಡೋದಿಲ್ಲ. ಬೈತೀರಿ ಅಂತ ಗೊತ್ತಿದ್ದೇ ಬರೀತಿದ್ದೀನಿ.

ಸಹಕಾರ ಅನ್ನೋ ಮಾತು ಕೇಳೋಕೆ ಚೆಂದ. ಒಂದು ಲೆಕ್ಕ ಹಾಕಿ. 28 ಜನ, ಸರಾಸರಿ 700 ರೂಪಾಯಿ ಕೂಲಿ. ದಿನಕ್ಕೆ 19,600. ವಾರಕ್ಕೆ ಆರು ದಿನ ಅಂದ್ರೆ 1,17,600. ಹತ್ತು ವಾರದ ಕೆಲಸಕ್ಕೆ 11,76,000, ಬರೀ ಬಟವಾಡೆ. ಸಿಮೆಂಟು, ಕಂಬಿ, ಜೆಲ್ಲಿ, ಎಂ ಸ್ಯಾಂಡು ಇದರ ಮೇಲೆ. ಅಂಗಡಿಯವನು ಹೊಸಬರಿಗೆ ಸಾಲ ಕೊಡಲ್ಲ. ಬಿಲ್ ಬರೋದು ಯಾವಾಗ? ಅದೃಷ್ಟ ಇದ್ರೆ ಮೂರು ತಿಂಗಳು, ಇಲ್ಲದಿದ್ರೆ ವರ್ಷ. ಶನಿವಾರ ಸಂಜೆ ಐದಕ್ಕೆ ಕೈಕಾಲು ತೊಳೆದು ನಿಮ್ಮ ಮುಂದೆ 28 ಜನ ಬಂದು ನಿಲ್ತಾರಲ್ಲ, ಅವತ್ತು ಏನು ಕೊಡ್ತೀರಿ?

ಗುತ್ತಿಗೆದಾರ ಅನ್ನೋನು ಇರೋದೇ ಆ ಶನಿವಾರಕ್ಕೆ. ಬಡ್ಡಿ ನಾನು ಕಟ್ತೀನಿ, ನಿದ್ದೆ ನಾನು ಕೆಡ್ತೀನಿ. ನಿಮಗೆ ದುಡ್ಡು ಉಳಿಸಿಕೊಂಡವನು ಮಾಡಿದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಹಾಗಂತ ಎಲ್ಲರೂ ಹಾಗಿಲ್ಲ.

ಮೋರಿ ಮೇಸ್ತ್ರಿ
@ಕ್ಲಾಸ್ ಒನ್ ಸರ್, ಬೈಯೋದಿಲ್ಲ. ನನ್ನ ಭಯ ಕೂಡ ಆ ಶನಿವಾರದ್ದೇ. ಆದ್ರೆ ಒಂದು ಮಾತು. ಈಗ ಆ ಶನಿವಾರವನ್ನ ತಾಳಿಕೊಳ್ತಿರೋರು ನಾವೇ ಅಲ್ವಾ? 1,86,000 ರೂಪಾಯಿ ನಮ್ಮದು ಅವರ ಹತ್ರ ಬಡ್ಡಿ ಇಲ್ಲದೆ ಬಿದ್ದಿದೆ. ಒಂದು ಮನೆಯಲ್ಲಿ ಮಗಳ ಕಾಲೇಜು ಫೀಸಿಗೆ ಓಲೆ ಅಡ ಇಟ್ಟಿದ್ದಾರೆ.

ಬಾಂಡ್ಲಿ ಅಕ್ಕ
ಸರಿಯಾಗಿ ಹೇಳಿದೆ ತಮ್ಮಾ.

ಗಡಿನಾಡು
ನಾನು ಮಂಜೇಶ್ವರದವ. ಇಲ್ಲಿ ಯಾರೂ ಊರಾಳುಂಗಲ್ ಹೆಸರು ಎತ್ತದ್ದು ನೋಡಿ ಆಶ್ಚರ್ಯ ಆಯ್ತು. ಮಂಗಳೂರಿಂದ ಕಾಸರಗೋಡಿಗೆ ಹೋಗುವವರು ತಲಪಾಡಿ ದಾಟಿದ ಕೂಡಲೇ ಆರು ಪಥದ ಹೊಸ ರಸ್ತೆಗೆ ಇಳೀತೀರಲ್ಲ, ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್, ಅದನ್ನು ಮಾಡಿದ್ದು ಒಂದು ಕಾರ್ಮಿಕರ ಸಹಕಾರ ಸಂಘ. ಊರಾಳುಂಗಲ್ ಲೇಬರ್ ಕಾಂಟ್ರಾಕ್ಟ್ ಕೋ-ಆಪರೇಟಿವ್ ಸೊಸೈಟಿ, ವಡಗರದ ಹತ್ತಿರದ್ದು.

ಶುರುವಾದದ್ದು 1925ರಲ್ಲಿ. 14 ಜನ, ಕೈಯಲ್ಲಿದ್ದ ಬಂಡವಾಳ ಆರಾಣೆ, ಅಂದರೆ 37 ಪೈಸೆ. ವಾಗ್ಭಟಾನಂದ ಗುರುಗಳ ಜಾತಿ ವಿರೋಧಿ ಮಾತು ಕೇಳಿ ಅವರ ಹಿಂದೆ ಹೋದರು ಅಂತ ಊರಿನ ಜಮೀನ್ದಾರರು ಇವರಿಗೆ ಕೂಲಿ ಕೊಡುವುದನ್ನೇ ನಿಲ್ಲಿಸಿದ್ದರು, ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದ್ದರು. ಕೆಲಸ ಕೊಡುವವರಿಲ್ಲ ಅಂತ ಆದಾಗ ತಾವೇ ಕೆಲಸ ಹುಟ್ಟಿಸಿಕೊಂಡರು. ಶಾಲೆ ಬೇರೆ, ಸಾಲ ಕೊಡುವ ಸಂಘ ಬೇರೆ ಕಟ್ಟಿದರು. ಇವತ್ತು ಸೇತುವೆ, ಫ್ಲೈಓವರ್, ಕೋಯಿಕ್ಕೋಡಿನ ಸೈಬರ್ ಪಾರ್ಕ್ ಎಲ್ಲ ಅವರದ್ದುಂಟು. ಜಗತ್ತಿನ ಸಹಕಾರ ಸಂಸ್ಥೆಗಳ ಪಟ್ಟಿಯಲ್ಲಿ ಉದ್ಯಮ ವಿಭಾಗದಲ್ಲಿ ಎರಡನೇ ಸ್ಥಾನದಲ್ಲಿ ಕಾಣಿಸಿಕೊಂಡಿದೆ, ಸ್ಪೇನಿನ ಮೊಂಡ್ರಾಗನ್ ನಂತರ.

ಮುಖ್ಯ ಸಂಗತಿ ಬೇರೆ ಉಂಟು. ಅಲ್ಲಿಯ ನಿರ್ದೇಶಕರು ಕೆಲಸ ಮಾಡಿ ಮೇಲೆ ಬಂದವರು, ಸೈಟಿನಲ್ಲೇ ನಿಂತು ಕೆಲಸ ನೋಡಿಕೊಳ್ಳುವವರು. ಷೇರು ಹಾಕಿ ಮನೆಯಲ್ಲಿ ಕೂತವರಲ್ಲ.

ಕ್ಲಾಸ್ ಒನ್
ಊರಾಳುಂಗಲ್ ಕಥೆ ಎಲ್ಲರೂ ಹೇಳ್ತಾರೆ. ನೂರು ವರ್ಷದ ಸಂಸ್ಥೆ ಸ್ವಾಮಿ. ಕೇರಳ ಸರ್ಕಾರ ಟೆಂಡರ್ ಇಲ್ಲದೆ ಕೆಲಸ ಎತ್ತಿ ಕೊಡುತ್ತೆ. ಹಾಗೆ ಕೊಟ್ರೆ ಯಾರು ಬೇಕಾದ್ರೂ ಮಾಡ್ತಾರೆ.

ಗಡಿನಾಡು
ಎಲ್ಲ ಕೆಲಸಕ್ಕೂ ಆ ಮಾತು ಸಲ್ಲುವುದಿಲ್ಲ. ತಲಪಾಡಿ-ಚೆಂಗಳ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು, ದೊಡ್ಡ ದೊಡ್ಡ ಕಂಪನಿಗಳ ಎದುರು ಟೆಂಡರಿನಲ್ಲಿ ಗೆದ್ದದ್ದು. ರಾಜ್ಯದ ಕೆಲಸಗಳಲ್ಲಿ ಕಾರ್ಮಿಕ ಗುತ್ತಿಗೆ ಸಹಕಾರ ಸಂಘಗಳಿಗೆ ಶೇ 10ರವರೆಗೆ ಬೆಲೆಯ ಆದ್ಯತೆ ಉಂಟು, ಅದು ನಿಜ. ಅದರ ಬಗ್ಗೆ ಗುತ್ತಿಗೆದಾರರಿಗೆ ಸಿಟ್ಟೂ ಉಂಟು. ಆದರೆ ಶೇ 10 ಕೊಟ್ಟ ಮಾತ್ರಕ್ಕೆ ಎಲ್ಲ ಸಂಘಗಳೂ ಊರಾಳುಂಗಲ್ ಆಗಲಿಲ್ಲವಲ್ಲ? ಕೇರಳದಲ್ಲೇ ಹೆಸರಿಗೆ ಮಾತ್ರ ಇರುವ ಸಂಘಗಳು ಬೇಕಾದಷ್ಟು ಉಂಟು.

ಬೆಳಗಾವಿ ಗಡಿ
ಹೆಸರಿಗಷ್ಟೇ ಇರೋ ಸಂಘ ಅಂದ್ರಲ್ಲ, ಅದನ್ನ ನೋಡಬೇಕಂದ್ರ ನಮ್ಮ ಕಡೆ ಬರ್ರಿ. ಗಡಿ ದಾಟಿದ್ರ ಮಹಾರಾಷ್ಟ್ರ. ಅಲ್ಲಿ ಲೋಕೋಪಯೋಗಿ ಇಲಾಖೆಯ ಸಣ್ಣ ಕೆಲಸ ಹಂಚೂದಕ್ಕ ಒಂದು ಪದ್ಧತಿ ಐತಿ. ಶೇ 33 ನಿರುದ್ಯೋಗಿ ಎಂಜಿನಿಯರ್‌ಗಳಿಗೆ, ಶೇ 33 ಮಜೂರ್ ಅಂದ್ರ ಕೂಲಿಕಾರರ ಸಹಕಾರಿ ಸಂಸ್ಥೆಗಳಿಗೆ, ಉಳಿದ ಶೇ 34 ಎಲ್ಲಾರಿಗೂ ಮುಕ್ತ. ಕೇಳಾಕ ಬಂಗಾರದಂಥಾ ನಿಯಮ.

ನಾ ಅಲ್ಲಿ ಎರಡು ವರ್ಷ ಒಂದು ಕೆಲಸದ ಮ್ಯಾಲ ಸುಪರ್‌ವೈಸರ್ ಇದ್ದೆ. ಕಾಗದದಾಗ ಕೆಲಸ ಒಂದು ಮಜೂರ್ ಸಂಸ್ಥೆದ್ದು. ಒಮ್ಮೆ ಅಧ್ಯಕ್ಷರು ಸೈಟಿಗೆ ಬಂದ್ರು, ಬಿಳಿ ಗಾಡಿಯಾಗ. ಕೈ ಕುಲುಕಿದೆ. ಅಂಗೈ ನಮ್ಮ ಮನಿ ಕೂಸಿನ ಅಂಗೈ ಇದ್ದಂಗ ಮೆತ್ತಗ. ಅಲ್ಲಿ ಮಣ್ಣು ಹೊರಾಕತ್ತಿದ್ದ ಹೆಣ್ಮಕ್ಕಳಿಗೆ ಸಂಸ್ಥೆ ಹೆಸರು ಸುದ್ದಾ ಗೊತ್ತಿರಲಿಲ್ಲ. ಅವರು ದಿನಗೂಲಿ, ಮುಕಾದಮ ಕರಕೊಂಡು ಬಂದವರು. ಸದಸ್ಯರ ಪಟ್ಟಿಯಾಗ ಇದ್ದವರೆಲ್ಲಾ ಅಧ್ಯಕ್ಷರ ಬೀಗರು ನೆಂಟರು.

ಅದಕ್ಕ ನಾ ಹೇಳೂದು, ಮೀಸಲಾತಿ ಕೇಳೂಕಿಂತ ಮೊದಲು ಸದಸ್ಯ ಯಾರು ಅನ್ನೂದು ಗಟ್ಟಿ ಮಾಡಬೇಕ್ರಿ.

ಸುಮ್ನೆ ಓದೋನು
ಅಂಗೈ ನೋಡಿ ಸದಸ್ಯತ್ವ ಕೊಡಬೇಕು ಅಂತ ಬೈಲಾದಲ್ಲೇ ಬರೀಬೇಕು.

ಲೆಕ್ಕದ ಅಕ್ಕ
@ಸುಮ್ನೆ ಓದೋನು, ಹೆಚ್ಚು ಕಡಿಮೆ ಅದನ್ನೇ ಬರೆದಿರೋ ಕಾನೂನು ಒಂದಿದೆ. ಸಹಕಾರ ಕಾಯ್ದೆಯಲ್ಲಲ್ಲ, ಆದಾಯ ತೆರಿಗೆ ಕಾಯ್ದೆಯಲ್ಲಿ. ನಾನು ಸಂಘಗಳ ಲೆಕ್ಕಪತ್ರ ನೋಡೋಳು, ಆದ್ದರಿಂದ ಗೊತ್ತು.

ಹಳೆಯ 1961ರ ಕಾಯ್ದೆಯಲ್ಲಿ 80ಪಿ ಸೆಕ್ಷನ್ ಆಗಿದ್ದ ನಿಯಮದ ಪ್ರಕಾರ, ಸದಸ್ಯರ ದುಡಿಮೆಯನ್ನು ಒಟ್ಟಾಗಿ ಮಾರುವ ಸಹಕಾರ ಸಂಘಕ್ಕೆ ಆ ದುಡಿಮೆಯಿಂದ ಬಂದ ಲಾಭದ ಮೇಲೆ ಪೂರ್ತಿ ತೆರಿಗೆ ವಿನಾಯಿತಿ. ಆದ್ರೆ ಷರತ್ತು ನೋಡಿ: ಮತದ ಹಕ್ಕು ಇರಬೇಕಾದ್ದು ದುಡಿಯುವ ಸದಸ್ಯರಿಗೆ, ಸಂಘಕ್ಕೆ ಹಣಕಾಸು ನೆರವು ಕೊಡುವ ಸಹಕಾರಿ ಸಾಲ ಸಂಘಗಳಿಗೆ ಮತ್ತು ರಾಜ್ಯ ಸರ್ಕಾರಕ್ಕೆ ಮಾತ್ರ. ಬೇರೆ ಯಾರಿಗೂ ಇಲ್ಲ. ಊರ ದೊಡ್ಡವರು ಒಬ್ಬರು "ನಾನು ಎರಡು ಲಕ್ಷ ಹಾಕ್ತೀನಿ, ನನ್ನನ್ನ ಅಧ್ಯಕ್ಷ ಮಾಡಿ" ಅಂತ ಬಂದೇ ಬರ್ತಾರೆ. ಅವತ್ತು ಈ ಷರತ್ತನ್ನ ಮುಂದಿಡಿ. ನಿಮ್ಮ ಬೈಲಾದಲ್ಲಿ ಅದೇ ಮಾತನ್ನ ಅಕ್ಷರ ಬಿಡದೆ ಬರೆಸಿ. ಸದಸ್ಯರನ್ನ ಬಿಟ್ಟು ಹೊರಗಿನ ಕೂಲಿಯವರಿಂದಲೇ ಕೆಲಸ ಮಾಡಿಸಿ ವಿನಾಯಿತಿ ಕೇಳೋಕೆ ಹೋದ್ರೆ ತಕರಾರು ಬರುತ್ತೆ, ಅದನ್ನೂ ನೆನಪಿಡಿ.

ಇನ್ನು ದುಡ್ಡಿನ ವಿಷಯ. ಸರ್ಕಾರಿ ಬಿಲ್ಲಿನಲ್ಲಿ ಪೂರ್ತಿ ಹಣ ಕೈಗೆ ಬರಲ್ಲ. ಆದಾಯ ತೆರಿಗೆ ಟಿಡಿಎಸ್ (ಬಿಲ್ಲಿನಲ್ಲೇ ಮೊದಲು ಹಿಡಿಯೋ ತೆರಿಗೆ) ಸಂಘಕ್ಕೆ ಶೇ 2, ಒಪ್ಪಂದ ಎರಡೂವರೆ ಲಕ್ಷ ದಾಟಿದ್ರೆ ಜಿಎಸ್‌ಟಿ ಟಿಡಿಎಸ್ ಶೇ 2, ಕಟ್ಟಡ ಕಾರ್ಮಿಕರ ಸೆಸ್ ಶೇ 1, ಜೊತೆಗೆ ಭದ್ರತಾ ಠೇವಣಿ ಹಿಡಿತ. ಟಿಡಿಎಸ್ ವಾಪಸ್ ಬರುತ್ತೆ, ರಿಟರ್ನ್ಸ್ ಸಲ್ಲಿಸಿದ್ರೆ ಮಾತ್ರ. ನಾನು ನೋಡಿದ ಎರಡು ಸಂಘಗಳು ರಿಟರ್ನ್ಸ್ ಹಾಕದೇ ತಮ್ಮದೇ ದುಡ್ಡು ಬಿಟ್ಟುಕೊಟ್ಟಿದ್ವು. ಕೆಲಸಗಾರರು ಬೆವರು ಸುರಿಸಿದ್ದು ಒಂದು ಫಾರಂ ತುಂಬದೇ ಹೋಯ್ತು. ನೋಡಿ ಹೊಟ್ಟೆ ಉರೀತು ನನಗೆ.

ಲಾಭದಲ್ಲಿ ಶೇ 25 ಆಪದ್ಧನ ನಿಧಿಗೆ ಹೋಗಲೇಬೇಕು, ಅದು ನಮ್ಮ ಸಹಕಾರ ಕಾಯ್ದೆಯ ನಿಯಮ. ಹುಡುಗರಿಗೆ ಈಗಲೇ ಹೇಳಿಡಿ. ಮೊದಲ ವರ್ಷವೇ "ಎಲ್ಲ ಹಂಚಿಬಿಡಿ" ಅಂತ ಜಗಳ ಆಗೋದು ಇಲ್ಲೇ.

ಗದಗಿನ ಹುಡುಗ
ವಿಷಯ ಸ್ವಲ್ಪ ಬ್ಯಾರೆ, ಆದ್ರೂ ಹೇಳ್ತೀನಿ. ಕೇರಳ, ಮಹಾರಾಷ್ಟ್ರ ಅಂತ ಓಡಾಡಾಕತ್ತೀರಿ. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಾಗ, 1905ರಾಗ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು. ಹಾಲು, ಸಾಲ, ಅಡಿಕೆ ಎಲ್ಲಾದಕ್ಕೂ ಸಂಘ ಕಟ್ಟಿದ ನಾಡು ಇದು. ದುಡಿಯೋ ಕೈಗೆ ಮಾತ್ರ ಯಾಕ ದೊಡ್ಡ ಸಂಘ ಆಗಲಿಲ್ಲ ಅನ್ನೂದು ನನಗ ಬಹಳ ದಿನದ ಪ್ರಶ್ನೆ.

ಹಳೇ ಜೆಇ
ಒಳ್ಳೇ ಪ್ರಶ್ನೆ. ನನಗನ್ನಿಸೋ ಒಂದು ಕಾರಣ: ಹಾಲು ದಿನಾ ಬೆಳಿಗ್ಗೆ ಬರುತ್ತೆ, ದಿನಾ ಅಳೀತಾರೆ, ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ದುಡ್ಡು ಬರುತ್ತೆ. ಸರ್ಕಾರಿ ಕೆಲಸ ಹಾಗಲ್ಲ. ಟೆಂಡರ್ ಆದ್ರೆ ಉಂಟು, ಇಲ್ಲದಿದ್ರೆ ಇಲ್ಲ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕಾಗದ, ಮಾರ್ಚ್ ಕೊನೆಗೆ ಓಟ. ಸಂಘ ಬದುಕಬೇಕಂದ್ರೆ ಕೆಲಸ ಬಿಡದೆ ಬರ್ತಾ ಇರಬೇಕು.

ಸರ್ಕಾರ ಇದನ್ನ ಯೋಚನೆ ಮಾಡಿಲ್ಲ ಅಂತಲೂ ಅಲ್ಲ. ಮಧ್ಯವರ್ತಿ ಇಲ್ಲದೆ ಹಳ್ಳಿ ಜನಕ್ಕೆ ಕೆಲಸ ಸಿಗಲಿ ಅಂತ 1974ರಲ್ಲಿ ಭೂಸೇನಾ ನಿಗಮ ಮಾಡಿದ್ರು, ಈಗ ಅದೇ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮ. ಆದ್ರೆ ಅದು ಸರ್ಕಾರದ ಕಂಪನಿ. ದುಡಿಯೋರು ಅದರ ಮಾಲೀಕರಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ ಇನ್ನೊಂದು ದಾರಿ ಹಿಡೀತು. ಗುತ್ತಿಗೆದಾರನಿಗೆ ಜಾಗವೇ ಇರಲಿಲ್ಲ, ವೆಚ್ಚದಲ್ಲಿ ಕನಿಷ್ಠ ಶೇ 60 ಕೂಲಿಗೇ ಹೋಗಬೇಕಿತ್ತು. ಅಲ್ಲೂ ಕೆಲಸಗಾರ ಕೂಲಿ ಪಡೆಯೋನು, ಕೆಲಸ ನಡೆಸೋನಲ್ಲ.

ಜೆಸಿಬಿ ಡ್ರೈವರ್
ಎಲ್ಲರೂ ಮರೀತಿರೋದು ಒಂದಿದೆ. 13 ಜನ ಮೂರು ದಿನ ಅಗೆಯೋ ಮಣ್ಣನ್ನ ನಾನು ಒಂದು ಬೆಳಿಗ್ಗೆ ಎತ್ತಿ ಹಾಕ್ತೀನಿ. ಮಣ್ಣು ಕೆಲಸ ನಂಬಿ ಸಂಘ ಕಟ್ಟಬೇಡಿ.

ಬಾಂಡ್ಲಿ ಅಕ್ಕ
ನೀನು ಎತ್ತಿ ಹಾಕಿದ ಮೇಲೆ ಚರಂಡಿ ತಳ ಸಮ ಮಾಡೋರು ಯಾರಪ್ಪ? ಬದಿ ನೇರ ಕಡಿಯೋರು ಯಾರು? ಅವತ್ತು ಜೆಸಿಬಿ ಹಲ್ಲು ತಾಗಿ ಕುಡಿಯೋ ನೀರಿನ ಪೈಪು ಒಡೆದಾಗ ಕೆಸರಿನಲ್ಲಿ ಇಳಿದೋಳು ನಾನೇ.

ಜೆಸಿಬಿ ಡ್ರೈವರ್
ಅಕ್ಕ ಅದು ನಿಜ, ಒಪ್ಕೊಂಡೆ. ನಾನು ಹೇಳಿದ್ದು ಸಂಘವೇ ಒಂದು ಯಂತ್ರ ಇಟ್ಕೊಳ್ಳಲಿ ಅಂತ. ಬಾಡಿಗೆಗೇ ಅರ್ಧ ಲಾಭ ಹೋಗುತ್ತೆ.

ಹಳೇ ಕಡತ
ಇತಿಹಾಸದಲ್ಲಿ ಸ್ವಲ್ಪ ಆಸಕ್ತಿ ಇರೋನು ನಾನು. ಮೇಸ್ತ್ರಿಗಳ ಕಥೆ ಓದಿ ಇಟಲಿಯ ರವೆನ್ನಾ ನೆನಪಾಯ್ತು. 1883ರಲ್ಲಿ ಅಲ್ಲಿಯ ಮಣ್ಣು ಕೆಲಸದ ಕೂಲಿಗಳು, ಕೈಗಾಡಿ ಸಲಿಕೆ ಬಿಟ್ಟರೆ ಬೇರೆ ಆಸ್ತಿ ಇಲ್ಲದವರು, ನುಲ್ಲೊ ಬಾಲ್ದಿನಿ ಅನ್ನೋ ಯುವಕನ ಜೊತೆ ಸೇರಿ ಸಂಘ ಕಟ್ಟಿದ್ರು. ಮರುವರ್ಷ ಸುಮಾರು 500 ಜನ ರೋಮ್ ಹತ್ತಿರದ ಓಸ್ತಿಯಾದ ಜೌಗು ಬಸಿಯೋ ಕೆಲಸಕ್ಕೆ ಹೋದ್ರು. ಆ ಕೆಲಸ ಕೂಡ ಅವರಿಗೆ ಸಿಕ್ಕಿದ್ದು ನಿಮ್ಮ ಹಾಗೇ ಸಬ್ ಕಾಂಟ್ರಾಕ್ಟಿನಲ್ಲಿ. ಮಲೇರಿಯಾಕ್ಕೆ ಎಷ್ಟೋ ಜನ ಸತ್ತರು, ಬಿಟ್ಟು ಓಡಲಿಲ್ಲ.

ಇದಾದ ಮೇಲೆ 1889ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಒಂದು ಲಕ್ಷ ಲೀರಾ ಒಳಗಿನ ಸರ್ಕಾರಿ ಕೆಲಸವನ್ನ ಹರಾಜಿಲ್ಲದೆ ನೇರವಾಗಿ ದುಡಿಯೋರ ಸಂಘಕ್ಕೆ ಕೊಡಬಹುದು. ಮುಂಗಡ ಠೇವಣಿ ಕಟ್ಟಬೇಕಿಲ್ಲ, ಕಂತು ಕಂತಾಗಿ ಬಿಲ್ ಕೊಡುವಾಗ ಶೇ 10 ಹಿಡಿದಿಟ್ಕೊಂಡರೆ ಅದೇ ಠೇವಣಿ. ಕ್ಲಾಸ್ ಒನ್ ಅವರು ಶನಿವಾರದ ಮಾತು ಎತ್ತಿದ್ರಲ್ಲ, 1889ರ ಆ ಕಾನೂನು ಬರೆದವರಿಗೆ ಅದು ಅರ್ಥ ಆಗಿತ್ತು. ಕೂಲಿಗಳ ಸಂಘದ ಹತ್ರ ಠೇವಣಿ ಕೇಳೋದು, ವರ್ಷ ಕಾಯಿಸೋದು, ಎರಡೂ ಬಾಗಿಲು ಹಾಕಿದ ಹಾಗೇ.

ನ್ಯೂಜಿಲೆಂಡ್‌ನಲ್ಲಿ 1891ರ ಹೊತ್ತಿಗೆ ರಸ್ತೆ, ರೈಲು ಕೆಲಸದಲ್ಲಿ ಗುತ್ತಿಗೆದಾರನನ್ನ ಬಿಟ್ಟು ಸಣ್ಣ ತಂಡಗಳಿಗೇ ತುಂಡು ಗುತ್ತಿಗೆ ಕೊಟ್ಟರು. ಎಂಜಿನಿಯರ್ ದರ ನಿಗದಿ ಮಾಡೋದು, ತಂಡ ತನ್ನ ಮುಖಂಡನನ್ನ ತಾನೇ ಆರಿಸೋದು, ಬಂದ ಹಣ ಹಂಚಿಕೊಳ್ಳೋದು. ನಮ್ಮಲ್ಲೂ ಇಲಾಖೆ ನಿಗದಿ ಮಾಡಿದ ಎಸ್‌ಆರ್ ದರ ಇದ್ದೇ ಇದೆ. ಆ ದರಕ್ಕೇ ಕೊಟ್ಟರೆ ಅದಕ್ಕಿಂತ ಕಡಿಮೆ ದರ (ಬಿಲೋ) ಹಾಕೋ ಪೈಪೋಟಿಯಲ್ಲಿ ಕೂಲಿ ಕರಗೋದು ತಪ್ಪುತ್ತೆ.

ಕ್ಲಾಸ್ ಒನ್
@ಹಳೇ ಕಡತ, ರವೆನ್ನಾದ್ದೇ ಇನ್ನೊಂದು ಸಹಕಾರಿ ಕಂಪನಿ ಸಿಎಂಸಿ, ಅದರ ಕಥೆಯನ್ನೂ ಹೇಳಿ. ನೇಪಾಳದ ಮೇಲಂಚಿ ನೀರಿನ ಸುರಂಗ ಮಾಡ್ತಿದ್ದವರು 2018ರಲ್ಲಿ ದುಡ್ಡಿನ ಮುಗ್ಗಟ್ಟಿಗೆ ಸಿಕ್ಕಿ ಅರ್ಧಕ್ಕೇ ಬಿಟ್ಟು ಹೋದ್ರು. ನಂಬಿದ ಕೆಲಸಗಾರರ ಗತಿ?

ಹಳೇ ಕಡತ
ನಿಜ. 1901ರಲ್ಲಿ ಗಾರೆಯವರು ಕಟ್ಟಿದ ಸಂಘ ಅದು. ದೇಶ ದೇಶಕ್ಕೆ ಹೋಗಿ ಸಾಲದಲ್ಲಿ ಬಿತ್ತು. ಅದಕ್ಕೆ ಉತ್ತರ ನನ್ನ ಹತ್ರ ಇಲ್ಲ, ಒಪ್ತೀನಿ. ಆದ್ರೆ ಖಾಸಗಿ ಕಂಪನಿಗಳು ಅರ್ಧಕ್ಕೆ ಬಿಟ್ಟು ಹೋಗಿದ್ದನ್ನೂ ನೀವು ನಾನು ಇಬ್ಬರೂ ನೋಡಿದ್ದೀವಿ.

ಊರ ಹುಡುಗ
ಬೇರೆ ದಾರಿ ಹೇಳ್ತೀನಿ. ತಂಡದಲ್ಲಿ ಪರಿಶಿಷ್ಟ ಜಾತಿ, ಪಂಗಡದವರು ಇದ್ರೆ ಅವರ ಹೆಸರಲ್ಲಿ ಲೈಸೆನ್ಸ್ ಮಾಡಿಸಿ. ಸರ್ಕಾರಿ ಟೆಂಡರಿನ ಪಾರದರ್ಶಕ ಕಾಯ್ದೆಯ ತಿದ್ದುಪಡಿಯಲ್ಲಿ ಶೇ 17.15 ಮತ್ತು ಶೇ 6.95 ಕೆಲಸ ಮೀಸಲಿದೆ. ಮೊದಲು 50 ಲಕ್ಷದವರೆಗಿನ ಕೆಲಸಕ್ಕೆ ಇತ್ತು, 2023ರಲ್ಲಿ 1 ಕೋಟಿಗೆ ಏರಿಸಿದ್ರು. ಸಂಘದ ರಗಳೆಯೇ ಬೇಡ.

ಕಲ್ಲು ಕುಟಿಗ
ಭೋವಿ ಮನೆಯವನು ನಾನು. ನಮ್ಮ ತಾತನ ಕಾಲದಿಂದ ಕೆರೆ ಏರಿ ಕಟ್ಟಿದವರು, ಬಾವಿ ತೋಡಿದವರು. ಮೀಸಲಾತಿಯಲ್ಲಿ ನಾನೇ ಲೈಸೆನ್ಸ್ ಮಾಡಿಸಿದೆ. ಆಮೇಲೆ ಏನಾಯ್ತು ಹೇಳ್ತೀನಿ ಕೇಳಿ. ಇಎಂಡಿಗೆ ದುಡ್ಡಿರಲಿಲ್ಲ. ದೊಡ್ಡ ಗುತ್ತಿಗೆದಾರರೊಬ್ಬರು ಕಟ್ಟಿದ್ರು. ಕೆಲಸ ನನ್ನ ಹೆಸರಲ್ಲಿ ಆಯ್ತು, ಚೆಕ್ ಪುಸ್ತಕ ಅವರ ಬೀರುವಿನಲ್ಲಿ. ನನ್ನದೇ ಕೆಲಸದಲ್ಲಿ ನಾನು ದಿನಗೂಲಿ. ಹೆಸರು ಒಬ್ಬನದೇ ಇದ್ರೆ ಆ ಒಬ್ಬನನ್ನ ಕೊಂಡ್ಕೊಳ್ಳೋದು ಸುಲಭ. 28 ಜನರನ್ನ ಕೊಳ್ಳೋದು ಕಷ್ಟ. ಅದಕ್ಕೇ ನಾನು ಸಂಘದ ಕಡೆ.

ಇನ್ನೊಂದು ವಿಷಯ, ಯಾರೂ ಎತ್ತಿಲ್ಲ. ಅಳತೆ. ಮಣ್ಣು ಕೆಲಸದಲ್ಲಿ ಗುಂಡಿ ನಡುನಡುವೆ ಅಗೆಯದೆ ಒಂದೊಂದು ಮಣ್ಣಿನ ಗೂಟ ಬಿಡ್ತೀವಿ. ಮೇಲೆ ಹುಲ್ಲು ಹಾಗೇ ಇರುತ್ತೆ. ಅದಕ್ಕೆ ನಾವು ಸಾಕ್ಷಿ ಅಂತೀವಿ. ಎಂಜಿನಿಯರ್ ಬಂದು ಅದರ ನೆತ್ತಿಯಿಂದ ತಳಕ್ಕೆ ಟೇಪು ಹಿಡಿದು ಆಳ ಬರ್ಕೊಂಡ ಮೇಲೇ ಅದನ್ನ ಕಡಿಯೋದು. ಮೇಸ್ತ್ರಿಗಳ 600 ಮೀಟರ್ ಚರಂಡಿಯನ್ನೇ ತಗೊಳ್ಳಿ. ಅಗಲ ಮುಕ್ಕಾಲು ಮೀಟರ್, ಆಳ 90 ಸೆಂಟಿಮೀಟರ್ ಅಂತ ಇಟ್ಕೊಂಡ್ರೆ 405 ಘನ ಮೀಟರ್ ಮಣ್ಣು. ಆಳ 80 ಅಂತ ಬರೆದ್ರೆ 360. ಪೆನ್ನು ಹತ್ತು ಸೆಂಟಿಮೀಟರ್ ತಪ್ಪಿದ್ರೆ 45 ಘನ ಮೀಟರ್ ಮಣ್ಣು ಪುಕ್ಕಟೆ ಹೊತ್ತ ಹಾಗೆ. ಸಾಕ್ಷಿ ಅಳೆಯೋ ಹೊತ್ತಿಗೆ ಇಲಾಖೆಯ ಅಳತೆ ಪುಸ್ತಕ, ಅಂದ್ರೆ ಎಂಬಿ ಪುಸ್ತಕದ ಪಕ್ಕ ನಿಮ್ಮ ಪುಸ್ತಕ ಇರಬೇಕು, ನಿಮ್ಮವರೇ ಬರ್ಕೋಬೇಕು.

ಹಳೇ ಜೆಇ
ಕಲ್ಲು ಕುಟಿಗರು ಹೇಳಿದ್ದು ನೂರಕ್ಕೆ ನೂರು ಸರಿ. ಎಂಬಿಯಲ್ಲಿ ಗುತ್ತಿಗೆದಾರನ ಸಹಿ ಬೀಳುತ್ತೆ. ಸಂಘ ಆದ್ರೆ ಆ ಸಹಿ ಅಳತೆ ಗೊತ್ತಿರೋ ಸದಸ್ಯರದ್ದೇ ಇರಲಿ. ಓದೋಕೆ ಬರುತ್ತೆ ಅನ್ನೋ ಒಂದೇ ಕಾರಣಕ್ಕೆ ಹೊರಗಿನ ಹುಡುಗನನ್ನ ಕಾರ್ಯದರ್ಶಿ ಮಾಡಿ ಅವನ ಕೈಗೆ ಎಲ್ಲ ಕೊಡಬೇಡಿ. ಮೂರು ತಿಂಗಳು ಕೂತ್ರೆ ಎಂಬಿ ಓದೋದನ್ನ ಯಾರು ಬೇಕಾದ್ರೂ ಕಲೀತಾರೆ.

ಬಾಂಡ್ಲಿ ಅಕ್ಕ
ನಾನು ಮೇಸ್ತ್ರಿ ತಂಡದವಳಲ್ಲ, ಬೇರೆ ಜಿಲ್ಲೆ. ನನ್ನದೊಂದು ಮಾತು. 28ರಲ್ಲಿ ಎಂಟು ಜನ ಹೆಂಗಸರು ಅಂದ್ರಿ. ಸಂಘದ ಪುಸ್ತಕದಲ್ಲಿ ಆ ಎಂಟೂ ಹೆಸರು ಇರುತ್ತಾ, ಇಲ್ಲಾ ಗಂಡಂದಿರ ಹೆಸರು ಇರುತ್ತಾ? ನಮ್ಮ ಕಡೆ ಒಂದು ಸಂಘ ಮಾಡಿದ್ರು. ಹಾಜರಿ ಪುಸ್ತಕದಲ್ಲಿ ಗಂಡ ಹೆಂಡತಿ ಸೇರಿ "ಜೋಡಿ" ಅಂತ ಒಂದೇ ಸಾಲು. ದುಡ್ಡು ಗಂಡನ ಕೈಗೆ. ನಾನು ಎರಡು ವರ್ಷ ಸ್ಲ್ಯಾಬಿಗೆ ಕಾಂಕ್ರೀಟ್ ಹೊತ್ತೆ, ಲೇಬರ್ ಕಾರ್ಡಿಗೆ 90 ದಿನ ಕೆಲಸ ಮಾಡಿದ ಪತ್ರ ಕೇಳಿದ್ರೆ ನನ್ನ ಹೆಸರೇ ಪುಸ್ತಕದಲ್ಲಿಲ್ಲ. ಇದೂ ನಿಮ್ಮ ಟೆಂಡರ್‌ದಾರನ ಕಥೆಯೇ ಆಯ್ತು ತಮ್ಮಾ. ನಿನ್ನ ಹೆಸರು ಫೈಲಿನಲ್ಲಿಲ್ಲ ಅಂತ ನಿನಗೆ ಸಂಕಟ. ಅವರ ಹೆಸರು ನಿನ್ನ ಪುಸ್ತಕದಲ್ಲಿರಲಿ.

ಮೋರಿ ಮೇಸ್ತ್ರಿ
ಅಕ್ಕ, ನಿಮ್ಮ ಮಾತು ನೇರ ಎದೆಗೆ ತಾಗಿತು. ನಿಜ ಹೇಳಬೇಕಂದ್ರೆ ನಮ್ಮ ಪುಸ್ತಕದಲ್ಲೂ ಮೂರು ಕಡೆ "ಜೋಡಿ" ಇದೆ. ಇವತ್ತು ರಾತ್ರಿಯೇ ಬೇರೆ ಬೇರೆ ಸಾಲು ಮಾಡ್ತೀನಿ.

ಸುಮ್ನೆ ಓದೋನು
👏👏

ಕ್ಲಾಸ್ ಒನ್
ಇಷ್ಟೆಲ್ಲ ಆದ್ರೂ ನನ್ನ ಶನಿವಾರಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಇಟಲಿ ಕಾನೂನು ಇಟಲಿಯಲ್ಲಿದೆ.

ಲೆಕ್ಕದ ಅಕ್ಕ
ನಾನು ಪ್ರಯತ್ನ ಪಡ್ತೀನಿ. ಪೂರ್ತಿ ಗುತ್ತಿಗೆ ಹಿಡಿಯೋದನ್ನ ಮೊದಲ ವರ್ಷ ಮರೆತುಬಿಡಿ. ಸಂಘದ ಹೆಸರಲ್ಲಿ ಬರೀ ಕೂಲಿ ಗುತ್ತಿಗೆ ಹಿಡೀರಿ, ಸಾಮಾನು ಗುತ್ತಿಗೆದಾರರದ್ದೇ ಇರಲಿ. ಬೇಕಾದ್ರೆ ನಮ್ಮ ಕ್ಲಾಸ್ ಒನ್ ಸರ್ ಅವರಿಂದಲೇ ಹಿಡೀರಿ. ಆದ್ರೆ ಛಾಪಾ ಕಾಗದದ ಮೇಲೆ ಒಪ್ಪಂದ, ಘನ ಮೀಟರಿಗೆ ಇಷ್ಟು ಅಂತ ದರ, ಹದಿನೈದು ದಿನಕ್ಕೊಮ್ಮೆ ಅಳತೆ, ಹಣ ಸಂಘದ ಖಾತೆಗೆ. ಹೀಗೆ ನಾಲ್ಕು ಕೆಲಸ ಆದ್ರೆ ಕೈಯಲ್ಲಿ ಕಾಗದವೂ ಇರುತ್ತೆ, ಬ್ಯಾಂಕ್ ಸ್ಟೇಟ್‌ಮೆಂಟೂ ಇರುತ್ತೆ. ಅದನ್ನ ಹಿಡ್ಕೊಂಡು ಜಿಲ್ಲಾ ಸಹಕಾರಿ (ಡಿಸಿಸಿ) ಬ್ಯಾಂಕಿಗೆ ಹೋಗಿ ದುಡಿಯೋ ಬಂಡವಾಳ ಕೇಳಬಹುದು.

ಜೊತೆಗೆ ಪ್ರತಿ ಬಟವಾಡೆಯಲ್ಲಿ ಒಬ್ಬೊಬ್ಬರಿಂದ ದಿನಕ್ಕೆ 30 ರೂಪಾಯಿ ಸಂಘದಲ್ಲಿ ಇಡಿ. 28 ಜನ, ವಾರಕ್ಕೆ ಆರು ದಿನ ಅಂದ್ರೆ 5,040. ವರ್ಷಕ್ಕೆ 40 ವಾರ ಕೆಲಸ ಸಿಕ್ಕರೂ 2,01,600. ಇದು ಒಂದೂಮುಕ್ಕಾಲು ವಾರದ ಬಟವಾಡೆ ಅಷ್ಟೇ, ನನಗೂ ಗೊತ್ತು. ಆದ್ರೆ ಎರಡು ಲಕ್ಷ ಸ್ವಂತದ್ದು ಇಟ್ಟ ಸಂಘಕ್ಕೆ ಬ್ಯಾಂಕಿನಲ್ಲಿ ಕುರ್ಚಿ ಸಿಗುತ್ತೆ.

ಕ್ಲಾಸ್ ಒನ್
ಇದು ನಡೆಯೋ ಮಾತು. ನನ್ನ ಮಟ್ಟಿಗೆ ಹೇಳ್ತೀನಿ, ಹದಿನೈದು ದಿನದ ಅಳತೆಗೆ ನಾನು ಒಪ್ತೀನಿ. ಅರ್ಧ ಕೆಲಸಕ್ಕೆ ಬಿಟ್ಟು ಕೊಯ್ಲಿಗೆ ಹೋಗಲ್ಲ ಅಂತ ನೀವೂ ಬರೆದು ಕೊಡಬೇಕು. ಜನವರಿಯಲ್ಲಿ ಅಡಿಕೆ ಕೊಯ್ಲು ಅಂತ ನನ್ನ ಸ್ಲ್ಯಾಬ್ ಹಾಗೇ ಬಿಟ್ಟು ಹೋದವರು ಇದ್ದಾರೆ.

ಮೋರಿ ಮೇಸ್ತ್ರಿ
ಅದು ನ್ಯಾಯವಾದ ಮಾತು ಸರ್, ಬರೆದು ಕೊಡ್ತೀವಿ. ಕೊಯ್ಲಿಗೆ ಯಾರು ಯಾರು ಹೋಗ್ತಾರೆ ಅಂತ ಮೊದಲೇ ಪಟ್ಟಿ ಕೊಡ್ತೀವಿ, ಅಷ್ಟು ಜನರನ್ನ ಬಿಟ್ಟು ಲೆಕ್ಕ ಹಾಕಿ.

ನಿನ್ನೆ ರಾತ್ರಿ ಎಲ್ಲರೂ ಸೇರಿದ್ವಿ. ಈ ಮಾತುಕತೆಯನ್ನ ನನ್ನ ಮಗಳು ಓದಿ ಹೇಳಿದ್ಲು. ಗಲಾಟೆ ಆಯ್ತು. ನಾಲ್ಕು ಜನ 30 ರೂಪಾಯಿ ಬಿಡೋಕೆ ಆಗಲ್ಲ ಅಂತ ಎದ್ದು ಹೋದ್ರು, ಅವರ ಕಷ್ಟ ನನಗೆ ಗೊತ್ತು, ತಪ್ಪು ಅನ್ನಲ್ಲ. ಉಳಿದ 24 ಜನ ಒಪ್ಪಿದ್ರು. ಎಂಟು ಹೆಂಗಸರೂ 24ರಲ್ಲಿ ಇದ್ದಾರೆ, ಅವರದ್ದೇ ಹೆಸರು, ಅವರದ್ದೇ ಖಾತೆ. ಅಳತೆ ಪುಸ್ತಕ ಕಂಬಿ ಕಟ್ಟೋ ಒಬ್ಬ ಹುಡುಗನ ಹತ್ರ, ದುಡ್ಡಿನ ಪುಸ್ತಕ ಮಣ್ಣು ಹೊರೋ ಒಬ್ಬ ಅಕ್ಕನ ಹತ್ರ. ನಾನು ಎರಡನ್ನೂ ಇಟ್ಕೊಳ್ಳೋದಿಲ್ಲ ಅಂತ ಹೇಳಿದೆ. 1,86,000ಕ್ಕೆ ಕಾರ್ಮಿಕ ಇಲಾಖೆಗೆ 28 ಜನರ ಸಹಿ ಹಾಕಿ ಅರ್ಜಿ ಬರೆದಾಯ್ತು, ಎದ್ದು ಹೋದ ನಾಲ್ವರೂ ವಾಪಸ್ ಬಂದು ಸಹಿ ಹಾಕಿದ್ರು. ಸೋಮವಾರ ಕೊಡ್ತೀವಿ.

ಕಲ್ಲು ಕುಟಿಗ
ಮೇಸ್ತ್ರಿಗಳೇ, ನಾಲ್ಕು ಜಾಗ ಖಾಲಿ ಅಂದ್ರಿ. ನಾನು ಪಕ್ಕದ ತಾಲ್ಲೂಕಿನವನೇ. ಕಲ್ಲು ಕೆಲಸ ಬರುತ್ತೆ, ತಮ್ಮನೂ ಇದ್ದಾನೆ. ಲೈಸೆನ್ಸೂ ಇದೆ, ಈ ಸಲ ಚೆಕ್ ಪುಸ್ತಕ ಯಾರ ಬೀರುವಿಗೂ ಹೋಗಲ್ಲ.

ಮೋರಿ ಮೇಸ್ತ್ರಿ
ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ ಅಣ್ಣ, ತಮ್ಮನನ್ನೂ ಕರ್ಕೊಂಡು ಬನ್ನಿ. ಟೇಪು ತರೋದು ಮರೀಬೇಡಿ, ನಮ್ಮ ಹುಡುಗನಿಗೆ ಸಾಕ್ಷಿ ಅಳೆಯೋದು ನೀವೇ ಕಲಿಸಬೇಕು.